ಕೊಪ್ಪರಿಗೆ ಹೊನ್ನು ಮತ್ತು ಅಡಕೆಯ ಎಡೆಸಸಿ

ಮಲೆನಾಡಿನ ಮೂರು ತಾಲ್ಲೂಕುಗಳು ಸಂಪತ್ತಿನ ವಿಚಾರವಾಗಿ ಹೇಳಿಕೊಡುವ ಪಾಠ

ಹೊಸನಗರದಿಂದ ಹದಿನೈದಿಪ್ಪತ್ತು ಕಿಲೋಮೀಟರ್ ದೂರದಲ್ಲಿ, ದಟ್ಟವಾದ ಹಸಿರಿನ ನಡುವೆ, ಹೆಸರಿನಲ್ಲಿ ಮಾತ್ರ ನಗರವಾಗಿ ಉಳಿದಿರುವ ಸಣ್ಣ ಊರೊಂದಿದೆ. ರಸ್ತೆಯ ಪಕ್ಕದಲ್ಲೇ ಕೋಟೆಯ ಹೆಬ್ಬಾಗಿಲು. ಒಳಗೆ ಹೋದರೆ ಪಾಚಿಗಟ್ಟಿದ ಕಲ್ಲಿನ ಗೋಡೆಗಳು, ಹುಲ್ಲು ಬೆಳೆದ ಅರಮನೆಯ ತಳಪಾಯ, ಒಂದೆರಡು ಕೊಳಗಳು. ಮಳೆಗಾಲದಲ್ಲಿ ಇಲ್ಲಿ ನಿಂತವರಿಗೆ ಕೇಳಿಸುವುದು ನೀರಿನ ಸದ್ದೊಂದೇ. ಕೆಳದಿಯ ನಾಯಕರು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಲ್ಲಿಗೆ ತಮ್ಮ ರಾಜಧಾನಿಯನ್ನು ತಂದರು. ಆಗ ಇದರ ಹೆಸರು ಬಿದನೂರು. ಘಟ್ಟದ ಮೇಲಿನ ಅಡಕೆ, ಮೆಣಸು, ಏಲಕ್ಕಿ, ಅಕ್ಕಿಗಳು ಘಟ್ಟವಿಳಿದು ಕಡಲಿನ ಬಂದರುಗಳಿಗೆ ಹೋಗುತ್ತಿದ್ದುದು ಈ ನಾಯಕರ ಸೀಮೆಯ ಹಾದಿಯಾಗಿ. ಅದಕ್ಕೆ ಪ್ರತಿಯಾಗಿ ಬಂದ ಹೊನ್ನು ಸೇರುತ್ತಿದ್ದುದು ಈ ಕೋಟೆಯ ಭಂಡಾರಕ್ಕೆ.

1763ನೆಯ ಇಸವಿಯಲ್ಲಿ ಹೈದರಾಲಿಯು ಈ ಕೋಟೆಯ ಮೇಲೆ ದಂಡೆತ್ತಿ ಬಂದನು. ಆಗ ರಾಣಿ ವೀರಮ್ಮಾಜಿಯ ಆಳ್ವಿಕೆ. ದಂಡು ಸಮೀಪಿಸುತ್ತ ಬಂದಂತೆಲ್ಲ ರಾಣಿಯ ಕಡೆಯಿಂದ ಸಂಧಾನದ ಮಾತು ಬಂದಿತು. ಇಷ್ಟು ಲಕ್ಷ ಹೊನ್ನು ಕೊಡುತ್ತೇವೆ, ಹಿಂದಿರುಗಬೇಕು ಎಂದು. ದಂಡು ಇನ್ನಷ್ಟು ಹತ್ತಿರವಾದಾಗ ಹೊನ್ನಿನ ಮೊತ್ತವೂ ಏರಿತು. ಒಳಗೆ ಎಷ್ಟಿದೆಯೆಂಬುದನ್ನು ಶತ್ರುವಿಗೆ ತಿಳಿಸಲು ಇದಕ್ಕಿಂತ ಬೇರೆ ಗೂಢಚಾರರು ಬೇಕಾಗಿರಲಿಲ್ಲ. ಕೊನೆಗೆ, ಹಿಂದೆ ಇದೇ ಸಂಸ್ಥಾನದಲ್ಲಿ ಪ್ರಧಾನಿಯಾಗಿದ್ದು ಸೆರೆ ಸೇರಿದ್ದ ಲಿಂಗಣ್ಣನೆಂಬವನು ಕಾಡಿನ ಒಳದಾರಿಯನ್ನು ತೋರಿಸಿಕೊಟ್ಟನು. ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಪಲಾಯನ ಮಾಡಿದಳು. ಪಟ್ಟಣಿಗರು ಮನೆ ಮಠ ಬಿಟ್ಟು ಕಾಡು ಸೇರಿದರು. ಅಂದು ಕೈವಶವಾದ ಐಶ್ವರ್ಯವನ್ನು ಇತಿಹಾಸಕಾರ ಮಾರ್ಕ್ ವಿಲ್ಕ್ಸನು 1 ಕೋಟಿ 20 ಲಕ್ಷ ಪೌಂಡುಗಳೆಂದು ಅಂದಾಜು ಮಾಡಿದ್ದಾನೆ. ಅಂದಾಜು ಹೆಚ್ಚಾಗಿರಬಹುದು, ಆದರೆ ತನ್ನ ಏಳಿಗೆಗೆ ಬಿದನೂರಿನ ಭಂಡಾರವೇ ತಳಹದಿಯೆಂದು ಹೈದರನೇ ಹೇಳುತ್ತಿದ್ದನೆಂದು ಅದೇ ವಿಲ್ಕ್ಸನು ಬರೆದಿದ್ದಾನೆ. ತಲೆಮಾರುಗಳು ಕೂಡಿಟ್ಟದ್ದು ಅಲ್ಪಕಾಲದಲ್ಲಿ ಕೈಬದಲಾಯಿತು.

ಆದರೆ ಕೋಟೆಯಿಂದಿಳಿದು ಸುತ್ತಲಿನ ಕಣಿವೆಗಳತ್ತ ನೋಡಿದರೆ ಇನ್ನೊಂದು ದೃಶ್ಯ ಕಾಣುತ್ತದೆ. ಬೆಟ್ಟಗಳ ಮಡಿಲಿನಲ್ಲಿ, ಹಳ್ಳದ ಇಕ್ಕೆಲಗಳಲ್ಲಿ, ಅಡಕೆಯ ತೋಟಗಳು ಸಾಲು ಸಾಲಾಗಿ ನಿಂತಿವೆ. ಭಂಡಾರಕ್ಕೆ ಹೊನ್ನು ತಂದ ಮೂಲವೇ ಇದು. ಭಂಡಾರ ಹೋಯಿತು, ತೋಟ ಉಳಿಯಿತು. ಈ ಇನ್ನೂರ ಅರುವತ್ತು ವರ್ಷಗಳಲ್ಲಿ ದೊರೆಗಳು ಬದಲಾದರು, ನಾಣ್ಯಗಳು ಬದಲಾದವು, ಕಾನೂನುಗಳು ಬದಲಾದವು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮನೆತನಗಳಲ್ಲಿ ಕೆಲವು ಅಳಿದವು, ಕೆಲವು ಉಳಿದವು, ಕೆಲವು ಹೊಸದಾಗಿ ಎದ್ದವು. ಉಳಿದವರು ಏಕೆ ಉಳಿದರು, ಅಳಿದವರು ಎಲ್ಲಿ ತಪ್ಪಿದರು ಎಂದು ವಿಚಾರಿಸುತ್ತ ಹೋದರೆ, ತಿಂಗಳ ಸಂಬಳದಲ್ಲಿ ಬದುಕುವ ಪಟ್ಟಣದ ಸಂಸಾರಗಳಿಗೂ ಉಪಯೋಗಕ್ಕೆ ಬರುವ ಸಂಗತಿಗಳು ಸಿಗುತ್ತವೆ.

ಮರ ಉರುಳುವ ಮೊದಲೇ ಸಸಿ

ಅಡಕೆಯ ತೋಟ ತಾಳ್ಮೆಯನ್ನು ಬೇಡುವ ಆಸ್ತಿ. ಗೋಟಡಕೆಯನ್ನು ಬಿತ್ತಿ ಸಸಿ ಮಾಡಿ ನೆಟ್ಟ ಮೇಲೆ ಫಲ ಕಾಣಲು ಐದರಿಂದ ಏಳು ವರ್ಷ ಬೇಕು. ತುಂಬು ಫಸಲಿಗೆ ಬರಲು ಹತ್ತು ವರ್ಷ ದಾಟಬೇಕು. ಅನಂತರ ಒಳ್ಳೆಯ ಆರೈಕೆಯಲ್ಲಿ ನಲವತ್ತು ಐವತ್ತು ವರ್ಷಗಳ ಕಾಲ ಮರ ವರ್ಷ ವರ್ಷವೂ ಗೊನೆ ಬಿಡುತ್ತದೆ. ಆಮೇಲೆ ಇಳುವರಿ ತಗ್ಗುತ್ತದೆ. ಗಾಳಿಗೋ ಮುಪ್ಪಿಗೋ ಸಿಕ್ಕಿ ಒಂದು ದಿನ ಮರ ಉರುಳುತ್ತದೆ.

ತಿಳಿವಳಿಕೆಯುಳ್ಳ ತೋಟಗಾರನು ಆ ದಿನಕ್ಕಾಗಿ ಕಾಯುವುದಿಲ್ಲ. ಮುದಿಮರಗಳು ಇನ್ನೂ ಫಲ ಕೊಡುತ್ತಿರುವಾಗಲೇ ಅವುಗಳ ಎಡೆಯಲ್ಲಿ ಹೊಸ ಸಸಿಗಳನ್ನು ನೆಡುತ್ತಾನೆ. ಇವೇ ಎಡೆಸಸಿಗಳು. ಮೇಲಿನ ಮರದ ನೆರಳಿನಲ್ಲಿ ಅವು ನಿಧಾನವಾಗಿ ಏಳುತ್ತವೆ. ಹಳೆಯ ಮರ ಬೀಳುವ ಹೊತ್ತಿಗೆ ಹೊಸದು ಹಿಂಗಾರ ಬಿಡಲು ಸಿದ್ಧವಾಗಿರುತ್ತದೆ. ಆದ್ದರಿಂದಲೇ ಒಳ್ಳೆಯ ತೋಟವೊಂದಕ್ಕೆ ವಯಸ್ಸೆಷ್ಟೆಂದು ಹೇಳುವುದು ಕಷ್ಟ. ಅದರೊಳಗಿನ ಮರ ಒಂದೊಂದಕ್ಕೂ ಮುಪ್ಪುಂಟು. ತೋಟಕ್ಕೆ ಮಾತ್ರ ಮುಪ್ಪಿಲ್ಲ.

ಎಡೆಸಸಿ ನೆಡುವ ವರ್ಷ ಅದರಿಂದ ಕಾಸಿನ ಲಾಭವೂ ಇಲ್ಲ. ಕೂಲಿ, ಗೊಬ್ಬರ ಎಂದು ಖರ್ಚೇ ಆಗುತ್ತದೆ. ಆದಕಾರಣ ಸೋಮಾರಿಯಾದ ಯಜಮಾನನು ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣವೆನ್ನುತ್ತಾನೆ. ಹಾಗೆಂದು ಹತ್ತು ವರ್ಷ ಮುಂದೂಡಿದ ತೋಟವನ್ನು ಹೊರಗಿನವರು ನೋಡಿದರೆ ಏನೂ ಕೊರತೆ ಕಾಣದು. ಮರಗಳು ಎತ್ತರವಾಗಿ ನಿಂತಿರುತ್ತವೆ, ಫಸಲೂ ಬರುತ್ತಿರುತ್ತದೆ. ಕೊರತೆ ಕಾಣುವುದು ಮಗನ ಕಾಲಕ್ಕೆ. ಮರಗಳೆಲ್ಲ ಒಟ್ಟಿಗೆ ಮುದಿಯಾಗಿ, ಅವುಗಳ ಕೆಳಗೆ ಹೊಸದೇನೂ ಇಲ್ಲದೆ, ಏಳೆಂಟು ವರ್ಷಗಳ ಬರಿಗೈ ಬಂದಾಗ ಮನೆ ಸಾಲದ ಬಾಗಿಲು ತಟ್ಟುತ್ತದೆ.

ಪಟ್ಟಣದ ಸಂಸಾರದಲ್ಲಿಯೂ ಮುದಿಮರವೊಂದಿದೆ. ಅದು ದುಡಿಯುವವನ ದುಡಿಮೆ. ಅರುವತ್ತರ ಹೊತ್ತಿಗೆ ಅದು ನಿಲ್ಲುವುದು ನಿಶ್ಚಯ. ಮೂವತ್ತರ ವಯಸ್ಸಿನಲ್ಲಿ ಪ್ರತಿ ತಿಂಗಳೂ ತೆಗೆದಿಟ್ಟ ಸಣ್ಣ ಹಣವೇ ಆ ಮರದ ಎಡೆಸಸಿ. ನೂರಕ್ಕೆ ಆರರ ವಾರ್ಷಿಕ ಬಡ್ಡಿ ಚಕ್ರವಾಗಿ ಬೆಳೆದರೆ ಹಣ ಸುಮಾರು ಹನ್ನೆರಡು ವರ್ಷಗಳಲ್ಲಿ ಎರಡರಷ್ಟಾಗುತ್ತದೆ. ಮೂವತ್ತರಲ್ಲಿ ಇಟ್ಟ ರೂಪಾಯಿ ಐವತ್ತನಾಲ್ಕಕ್ಕೆ ನಾಲ್ಕಾಗುತ್ತದೆ, ನಲವತ್ತೆರಡರಲ್ಲಿ ಇಟ್ಟದ್ದು ಎರಡೇ ಆಗುತ್ತದೆ. ಮರೆಯಬಾರದ ಇನ್ನೊಂದು ಮಾತುಂಟು. ಪದಾರ್ಥಗಳ ಬೆಲೆಯೂ ಅದೇ ವೇಗದಲ್ಲಿ ಏರಿದರೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಹಣದ ಕೊಳ್ಳುವ ಶಕ್ತಿ ಹನ್ನೆರಡು ವರ್ಷಗಳಲ್ಲಿ ಅರ್ಧವಾಗುತ್ತದೆ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಗೆ ಇದೂ ಒಂದು ಅರ್ಥ: ತಿನ್ನದೆ ಸುಮ್ಮನೆ ಇಟ್ಟರೂ ಕುಡಿಕೆ ಬರಿದಾಗುತ್ತದೆ.

ತೋಟಕ್ಕೆ ಬೆನ್ನಾಗಿ ಇನ್ನೊಂದು ಆಸ್ತಿಯಿದೆ. ಅದು ಸೊಪ್ಪಿನಬೆಟ್ಟ. ತೋಟದ ಮೇಲಣ ಇಳಿಜಾರಿನ ಈ ಕಾಡಿನಿಂದ ಸೊಪ್ಪು, ದರಗು ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಾರೆ. ಹಳ್ಳಕ್ಕೆ ನೀರು ಒಸರುವುದೂ ಅದೇ ಬೆಟ್ಟದಿಂದ. ಬೆಟ್ಟ ನೇರವಾಗಿ ಒಂದು ಕಾಸನ್ನೂ ಕೊಡದು. ಆದ್ದರಿಂದ ಅದರ ಮರಗಳನ್ನು ಕಡಿದು ಮಾರಿದರೆ ತತ್ಕಾಲಕ್ಕೆ ಲಾಭ ಬಂದಂತೆ ತೋರುತ್ತದೆ. ಕೆಲವೇ ವರ್ಷಗಳಲ್ಲಿ ಬೇಸಗೆಯ ಒರತೆ ಬತ್ತಿ ತೋಟ ಒಣಗುತ್ತದೆ. ದೇಹದ ಆರೋಗ್ಯ, ಕಲಿತ ಕಸಬು, ನೆರೆಹೊರೆಯ ವಿಶ್ವಾಸ ಇವು ಪಟ್ಟಣದ ಮನೆಯ ಸೊಪ್ಪಿನಬೆಟ್ಟ. ಬ್ಯಾಂಕಿನ ಪುಸ್ತಕದಲ್ಲಿ ಇವು ಕಾಣುವುದಿಲ್ಲ.

ವರ್ಷಕ್ಕೊಂದು ಕೊಯ್ಲು, ಹನ್ನೆರಡು ತಿಂಗಳ ಊಟ

ದೀಪಾವಳಿಯ ಆಸುಪಾಸಿನಲ್ಲಿ ಕೊನೆ ಕೊಯ್ಲಿನ ಸಡಗರ. ಕೊನೆಗಾರ ಮರದಿಂದ ಮರಕ್ಕೆ ಬಾಗಿ ಗೊನೆ ಇಳಿಸುತ್ತಾನೆ. ರಾತ್ರಿ ಬಹಳ ಹೊತ್ತಿನವರೆಗೂ ಅಂಗಳದಲ್ಲಿ ದೀಪವಿಟ್ಟುಕೊಂಡು ಅಡಕೆ ಸುಲಿಯುತ್ತಾರೆ. ಸುಲಿದದ್ದನ್ನು ಚೊಗರಿನಲ್ಲಿ ಬೇಯಿಸಿ ಅಟ್ಟದ ಮೇಲೆ ಒಣಗಿಸುತ್ತಾರೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡುತ್ತಾರೆ. ಸಂಕ್ರಾಂತಿ ಕಳೆಯುವಷ್ಟರಲ್ಲಿ ವರ್ಷದ ಸಂಪಾದನೆಯೆಲ್ಲ ಚೀಲಗಳಲ್ಲಿ ತುಂಬಿ ನಿಂತಿರುತ್ತದೆ. ಅದು ಒಮ್ಮೆಗೆ ಬರುವ ಹಣ. ತೀರಬೇಕಾದ ಖರ್ಚು ಹನ್ನೆರಡು ತಿಂಗಳಿನದು.

ಮನೆತನಗಳ ಏಳುಬೀಳು ನಿರ್ಧಾರವಾಗುತ್ತಿದ್ದುದು ಇಲ್ಲಿಯೇ. ಕೈಯಲ್ಲಿ ಹಣವಿದ್ದಾಗ ಮದುವೆ, ಉಪನಯನ, ಮನೆಯ ಹೊಸ ಉಪ್ಪರಿಗೆ. ಆಷಾಢದಲ್ಲಿ ಮಂಡಿಯ ಸಾಹುಕಾರನಲ್ಲಿ ಮುಂಗಡ. ಮುಂಗಡ ತಂದವನು ತನ್ನ ಅಡಕೆಯನ್ನು ಅದೇ ಮಂಡಿಗೆ, ಸಾಹುಕಾರ ಹೇಳಿದ ದಿನ, ಅವನು ಹೇಳಿದ ಧಾರಣೆಗೆ ಹಾಕಬೇಕು. ಬಡ್ಡಿಯ ಜೊತೆಗೆ ದಲಾಲಿ, ತೂಕದ ಕಡಿತ. ತಿಂಗಳಿಗೆ ನೂರಕ್ಕೆ ಮೂರು ಎಂಬ ಬಡ್ಡಿ ಕೇಳುವುದಕ್ಕೆ ಸಣ್ಣದು. ಕಟ್ಟದೆ ಬಿಟ್ಟರೆ ಎರಡೇ ವರ್ಷಗಳಲ್ಲಿ ಸಾಲ ದುಪ್ಪಟ್ಟಾಗುತ್ತದೆ. ತೋಟ ಫಲ ಕೊಡಲು ಏಳು ವರ್ಷ ಬೇಕು, ಸಾಲ ಫಲ ಕೊಡಲು ಎರಡು ವರ್ಷ ಸಾಕು!

ಈ ಬಿಕ್ಕಟ್ಟಿನಿಂದ ಪಾರಾಗಲು ಬೆಳೆಗಾರರು ಕಂಡುಕೊಂಡ ದಾರಿ ಸಹಕಾರ. ಗದಗದ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪ ಮಲೆನಾಡನ್ನೂ ತಲುಪಿತು. ಶಿರಸಿಯಲ್ಲಿ 1923ರಲ್ಲಿ ಕಡವೆ ಶ್ರೀಪಾದರಾಯ ಹೆಗಡೆಯವರ ಮುಂದಾಳುತನದಲ್ಲಿ ತೋಟಗಾರರ ಮಾರಾಟ ಸಂಘ ಹುಟ್ಟಿತು. ಶಿವಮೊಗ್ಗೆಯಲ್ಲಿ 1939ರಲ್ಲಿ ಮಲೆನಾಡು ಅಡಕೆ ಮಾರಾಟ ಸಹಕಾರ ಸಂಘ, ಎಂದರೆ ಎಲ್ಲರ ಬಾಯಲ್ಲಿರುವ ಮ್ಯಾಮ್ಕೋಸ್, ಆರಂಭವಾಯಿತು. 1970ರ ಸುಮಾರಿಗೆ ಧಾರಣೆ ಕುಸಿದು ಬೆಳೆಗಾರರು ತತ್ತರಿಸಿದಾಗ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸ್ಥಾಪನೆಗೊಂಡಿತು. ಈ ಸಂಘಗಳು ಮಾಡಿದ ಮುಖ್ಯ ಕೆಲಸ ಒಂದೇ. ಬೆಳೆಗಾರನು ತನ್ನ ಅಡಕೆಯನ್ನು ಸಂಘದಲ್ಲಿಟ್ಟು, ಅದರ ಆಧಾರದ ಮೇಲೆ ಸ್ವಲ್ಪ ಹಣ ಪಡೆದು, ಒಳ್ಳೆಯ ಧಾರಣೆ ಬರುವವರೆಗೆ ಕಾಯಬಲ್ಲವನಾದನು.

ಕಾಯುವ ಶಕ್ತಿ ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಇತ್ತೀಚಿನ ನಿದರ್ಶನವೇ ಇದೆ. 2014ರಲ್ಲಿ ಕೆಂಪಡಕೆಯ ಧಾರಣೆ ಕ್ವಿಂಟಾಲಿಗೆ 80 ಸಾವಿರ ರೂಪಾಯಿಗಳನ್ನು ಮೀರಿತು. ಎರಡು ವರ್ಷ ಕಳೆಯುವುದರೊಳಗೆ ಅದು ಅರ್ಧಕ್ಕಿಂತಲೂ ಕೆಳಗಿಳಿಯಿತು. ಏರಿದ ಧಾರಣೆ ಏರಿಯೇ ಇರುವುದೆಂದು ನಂಬಿ ಸಾಲ ಮಾಡಿ ಕಾರು ಕೊಂಡವರು, ಮನೆ ಕಟ್ಟಿಸಿದವರು ಪಟ್ಟ ಪಾಡು ಬೇರೆ. ಏರಿದ ವರ್ಷ ಹಳೆಯ ಸಾಲ ತೀರಿಸಿ, ಮಿಕ್ಕದ್ದನ್ನು ಕೆಟ್ಟ ವರ್ಷಕ್ಕೆಂದು ಎತ್ತಿಟ್ಟವರ ನೆಮ್ಮದಿ ಬೇರೆ. ಇಬ್ಬರ ತೋಟವೂ ಒಂದೇ ಬಗೆಯದು, ಮಾರಿದ ಧಾರಣೆಯೂ ಒಂದೇ. ಒಳ್ಳೆಯ ವರ್ಷದ ಆದಾಯವನ್ನು ತಮ್ಮ ನಿಜವಾದ ಆದಾಯವೆಂದು ಒಬ್ಬರು ಎಣಿಸಿದರು, ಇನ್ನೊಬ್ಬರು ಎಣಿಸಲಿಲ್ಲ, ವ್ಯತ್ಯಾಸವಿಷ್ಟೆ. ಸಂಬಳದ ಜೊತೆಗೆ ಬಂದ ಬೋನಸ್ಸು, ಬಡ್ತಿಯ ಬಾಕಿ, ನಿವೇಶನ ಮಾರಿದ ಹಣ ಇವೆಲ್ಲ ಪಟ್ಟಣದವರ 2014. ಆರು ತಿಂಗಳ ಮನೆಖರ್ಚಿನಷ್ಟು ಹಣ ಬೇರೆಯಾಗಿ ಇದ್ದರೆ ಸಂಕಟದ ಕಾಲದಲ್ಲಿ ಒಡವೆಯನ್ನಾಗಲಿ ನಿವೇಶನವನ್ನಾಗಲಿ ಸಿಕ್ಕಿದ ಬೆಲೆಗೆ ಕೊಡಬೇಕಾಗುವುದಿಲ್ಲ.

ಅಳತೆಯೂ ಕಾಗದವೂ

ಅಡಕೆಯ ತೋಟಗಳ ಕಂದಾಯಕ್ಕೆ ಕಟ್ಟುನಿಟ್ಟಾದ ಕ್ರಮವನ್ನು ತಂದವನು ಹದಿನೇಳನೆಯ ಶತಮಾನದ ಶಿವಪ್ಪನಾಯಕ. ಭೂಮಿಯ ಗುಣವನ್ನೂ ಕೆಲವು ವರ್ಷಗಳ ಫಸಲನ್ನೂ ಪರೀಕ್ಷಿಸಿ ತೆರಿಗೆ ಗೊತ್ತುಮಾಡಿದ ಅವನ ಪದ್ಧತಿ ‘ಶಿವಪ್ಪನಾಯಕನ ಶಿಸ್ತು’ ಎಂದೇ ಹೆಸರಾಗಿದೆ. ತೋಟಗಳನ್ನು ಅಳೆಯಲು, ಸಾಗರದ ಬಳಿಯ ಇಕ್ಕೇರಿಯಲ್ಲಿರುವ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿನ ಉದ್ದವನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದನೆಂದು ಹಳೆಯ ಮೈಸೂರು ಗೆಜೆಟಿಯರು ತಿಳಿಸುತ್ತದೆ. ಮರದ ಕೋಲನ್ನು ಯಾರಾದರೂ ಕತ್ತರಿಸಿಯಾರು, ದೇವಾಲಯದ ಕಲ್ಲನ್ನು ಕತ್ತರಿಸಲಾರರು. ಅಳತೆ ಎಲ್ಲರ ಕಣ್ಣೆದುರಿಗಿದ್ದರೆ ಮೋಸಕ್ಕೆ ಎಡೆಯಿಲ್ಲ.

ಅಳತೆ ಒಬ್ಬನ ಕೈಯಲ್ಲಿ ಮಾತ್ರ ಇದ್ದರೆ ಏನಾಗುತ್ತದೆಂಬುದನ್ನು ತಿಳಿಸಿದ್ದು ಸಾಗರ ತಾಲ್ಲೂಕಿನ ಇನ್ನೊಂದು ಹಳ್ಳಿ, ಕಾಗೋಡು. ಅಲ್ಲಿಯ ಗೇಣಿದಾರರು ಗದ್ದೆಯೊಡೆಯರಿಗೆ ಭತ್ತ ಅಳೆದು ಕೊಡುತ್ತಿದ್ದ ಕೊಳಗ, ಸರ್ಕಾರ ಗೊತ್ತುಮಾಡಿದ ಕೊಳಗಕ್ಕಿಂತ ದೊಡ್ಡದಾಗಿತ್ತು. ಒಂದೊಂದು ಕೊಳಗದಲ್ಲೂ ಹೋಗುತ್ತಿದ್ದುದು ಸ್ವಲ್ಪವೇ. ವರ್ಷ ವರ್ಷವೂ ಕೂಡಿದಾಗ ಅದು ಒಂದು ಕುಟುಂಬದ ಅನ್ನ. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸಂಘಟಿತರಾದ ರೈತರು 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಹೂಡಿದರು. ಶಾಂತವೇರಿ ಗೋಪಾಲಗೌಡರು ಬೆಂಬಲಕ್ಕೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯನೆಂಬ ಮಾತು ಮುಂದೆ ನಾಡಿನ ಕಾನೂನಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣೆಯ ತಿದ್ದುಪಡಿಯಂತೆ ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿಕೊಂಡ ಗೇಣಿದಾರರಿಗೆ ದೊರೆಯುವಂತಾಯಿತು.

ಈ ಘಟನೆಯಿಂದ ಎರಡು ಕಡೆಯವರಿಗೂ ಪಾಠವಿದೆ. ಅನ್ಯರ ದುಡಿಮೆಯ ಮೇಲೆ, ದೊಡ್ಡ ಕೊಳಗದ ಮೇಲೆ ನಿಂತ ಐಶ್ವರ್ಯಕ್ಕೆ ಕಾಲದ ಆಸರೆ ಇಲ್ಲ. ದೂರದಿಂದ ಗೇಣಿ ಎಣಿಸುತ್ತಿದ್ದ ಮನೆಗಳು ಒಂದೇ ಕಾನೂನಿನಿಂದ ಬರಿದಾದವು, ಸ್ವತಃ ಸಾಗುವಳಿ ಮಾಡುತ್ತಿದ್ದವರ ತೋಟಗಳು ಉಳಿದವು. ಇನ್ನು ಗೇಣಿದಾರರಲ್ಲಿಯೂ, ‘ನಮೂನೆ 7’ ಎಂಬ ಅರ್ಜಿಯನ್ನು ಅವಧಿಯೊಳಗೆ ಕೊಟ್ಟು, ಗೇಣಿಯ ರಸೀದಿಯನ್ನೋ ಪಹಣಿಯ ದಾಖಲೆಯನ್ನೋ ಭೂ ನ್ಯಾಯಮಂಡಳಿಯ ಮುಂದಿಟ್ಟವರಿಗೆ ಭೂಮಿ ದಕ್ಕಿತು. ಧಣಿಯ ದಾಕ್ಷಿಣ್ಯಕ್ಕೆ ಸಿಕ್ಕಿ ಸುಮ್ಮನಾದವರಿಗೆ, ಕಾಗದ ಕಾಪಾಡಿಕೊಳ್ಳದವರಿಗೆ ದಕ್ಕಲಿಲ್ಲ. ಕಾಗದದ ಒಂದು ತುಂಡು ತಲೆಮಾರಿನ ಬೆವರಿನಷ್ಟೇ ತೂಗಿತು.

ನೀರು ಬಂದಾಗ

ಭೂಮಿಯೊಂದೇ ಎಂದಿಗೂ ಅಳಿಯದ ಆಸ್ತಿಯೆಂದು ನಂಬಿದವರ ನಂಬಿಕೆಯನ್ನು ಶರಾವತಿ ಅಲುಗಿಸಿದಳು. ಮಡೇನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ಪೂರ್ಣವಾಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಾಗ ಆ ಹಳೆಯ ಅಣೆಕಟ್ಟೆಯೇ ಹಿನ್ನೀರಿನಲ್ಲಿ ಮುಳುಗಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು, ತೋಟಗಳು, ದೇವಾಲಯಗಳು ಜೊತೆಗೆ ಮುಳುಗಿದವು. ನಾಡಿಗೆಲ್ಲ ಬೆಳಕು ಕೊಟ್ಟ ಯೋಜನೆಗೆ ಮನೆಯ ದೀಪವನ್ನೇ ಆರಿಸಿಕೊಟ್ಟವರು ಈ ಜನ. ಮುಂದೆ ವಾರಾಹಿಯ ಮಾಣಿ ಜಲಾಶಯ ಹೊಸನಗರ ತಾಲ್ಲೂಕಿನ ಇನ್ನಷ್ಟು ಊರುಗಳನ್ನು ಎಬ್ಬಿಸಿತು. ಶರಾವತಿ ಯೋಜನೆಯ ಕೆಲಸದಲ್ಲಿದ್ದು ಇದನ್ನೆಲ್ಲ ಕಣ್ಣಾರೆ ಕಂಡ ಸಾಗರದ ನಾ. ಡಿಸೋಜರು (1937–2025) ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಆ ಜನರ ಬದುಕನ್ನು ಬರೆದರು. ಹಿನ್ನೀರು ಬೇರ್ಪಡಿಸಿದ ಸಿಗಂದೂರಿನ ಕಡೆಯ ಹಳ್ಳಿಗಳಿಗೆ ಸೇತುವೆ ತೆರೆದುದು 2025ರ ಜುಲೈಯಲ್ಲಿ, ಅರುವತ್ತು ವರ್ಷಗಳ ತರುವಾಯ. ಬೇರೆಡೆ ಅರಣ್ಯದ ಅಂಚಿನಲ್ಲಿ ನೆಲೆನಿಂತ ಎಷ್ಟೋ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಇನ್ನೂ ಪೂರ್ತಿಯಾಗಿ ಬಗೆಹರಿದಿಲ್ಲ.

ಇಂಥ ನಷ್ಟಕ್ಕೆ ಯಾರ ಜಾಣತನವೂ ಪೂರ್ಣ ಪರಿಹಾರವಲ್ಲ. ಮುಳುಗಿದವರನ್ನು ಎಚ್ಚರಗೇಡಿಗಳೆಂದರೆ ಅನ್ಯಾಯ. ಆದರೂ ಒಂದು ಸಂಗತಿ ಗಮನಿಸತಕ್ಕದ್ದು. ತೋಟ ಹಣವಾಗಿ ಮಾರ್ಪಟ್ಟ ಗಳಿಗೆ ಅತ್ಯಂತ ಅಪಾಯದ್ದು. ಬೇರಿದ್ದ ಆಸ್ತಿ ಕಾಲಿರುವ ಆಸ್ತಿಯಾಗುತ್ತದೆ. ನೆಂಟರು, ದಲ್ಲಾಳಿಗಳು, ಹೊಸ ಆಸೆಗಳು ಅದನ್ನು ನಡೆಸಿಕೊಂಡು ಹೋಗುತ್ತವೆ. ಪರಿಹಾರದ ಹಣವಾಗಲಿ, ನಿವೃತ್ತಿಯ ಹಣವಾಗಲಿ ಒಟ್ಟಾಗಿ ಕೈಗೆ ಬಂದಾಗ, ಕೆಲವು ತಿಂಗಳು ಭದ್ರವಾದ ಕಡೆ ಇಟ್ಟು ಮನೆಯವರೆಲ್ಲ ಕುಳಿತು ಯೋಚಿಸುವುದು ಲೇಸು. ನೀರು ಮುಳುಗಿಸಲಾರದ ಇನ್ನೊಂದು ಆಸ್ತಿ ವಿದ್ಯೆ. ಎರಡೆಕರೆ ತೋಟದ ಮನೆಯವರೂ ಮಕ್ಕಳ ಓದಿಗೆ ಹಣ ತೊಡಗಿಸಿದ್ದು ಈ ಸೀಮೆಯ ಭಾಗ್ಯ. ಅಡಕೆಯ ಊರಾದ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಮ್ ಹುಟ್ಟಿತು. ಅದನ್ನು ಕಟ್ಟಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಸಂಪತ್ತಿನ ಒಂದು ಪಾಲು ಊರಿಗೆ ಸಂದರೆ ಅದೂ ಉಳಿಯುವ ಸಂಪತ್ತೇ.

ಎಲೆಯ ಮೇಲಿನ ಚುಕ್ಕಿ

ಮಳೆಗಾಲದಲ್ಲಿ ಎಳೆಗಾಯಿಗಳು ಕೊಳೆತು ಉದುರುವ ಕೊಳೆರೋಗ ಈ ಸೀಮೆಗೆ ಹಳೆಯ ಶತ್ರು. ಒಂದೇ ಮಳೆಗಾಲದಲ್ಲಿ ಅರ್ಧ ಫಸಲನ್ನು ನೆಲಕ್ಕೆ ಕೆಡವಬಲ್ಲದು. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಸಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ. ರೋಗ ಬಾರದ ವರ್ಷ ಈ ಖರ್ಚು ದಂಡವೆನಿಸುತ್ತದೆ. ದಂಡವೆಂದು ಬಿಟ್ಟ ವರ್ಷವೇ ರೋಗ ಬರುತ್ತದೆ. ವಿಮೆಯ ಕಂತಿನ ಸ್ವಭಾವವೂ ಇದೇ.

ಈಗ ಹೊಸದೊಂದು ಭೀತಿ ಬಂದಿದೆ. 2022ರಲ್ಲಿ ತೀರ್ಥಹಳ್ಳಿ, ಹೊಸನಗರಗಳ ಹೆಚ್ಚು ಮಳೆಯ ಕಡೆಗಳಲ್ಲಿ ಎಲೆಚುಕ್ಕಿ ರೋಗ ತೀವ್ರವಾಗಿ ಹಬ್ಬಿತು. ಸೋಗೆಯ ಮೇಲೆ ಚುಕ್ಕಿಗಳೆದ್ದು, ಗರಿಗಳು ಒಣಗಿ, ಮರ ಸೊರಗುತ್ತದೆ. ಪಕ್ಕದ ಶೃಂಗೇರಿ, ಕೊಪ್ಪಗಳ ಕಡೆ ದಶಕಗಳಿಂದ ತೋಟಗಳನ್ನು ತಿನ್ನುತ್ತಿರುವ ಹಳದಿ ಎಲೆ ರೋಗಕ್ಕೆ ಖಚಿತವಾದ ಮದ್ದು ದೊರೆತಿಲ್ಲ. ಇತ್ತ ಬಯಲುಸೀಮೆಯಲ್ಲಿಯೂ ಅಡಕೆಯ ವಿಸ್ತಾರ ಹೆಚ್ಚುತ್ತಿದೆ. ಅಡಕೆಯ ಸೇವನೆ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯೂ ಕಣ್ಣೆದುರಿಗಿದೆ. ಮನೆಯ ಭಾರವನ್ನೆಲ್ಲ ಒಂದೇ ಮರಕ್ಕೆ ಕಟ್ಟಿದವರಿಗೆ ಇಂದು ನಿದ್ರೆ ಬಾರದಿದ್ದರೆ ಆಶ್ಚರ್ಯವಿಲ್ಲ.

ಹಿಂದಿನ ತೋಟವನ್ನು ನೆನಪಿಸಿಕೊಳ್ಳಿ. ಅಡಕೆಯ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತಿತ್ತು, ಮರಗಳ ನಡುವೆ ಬಾಳೆ, ನೆರಳು ದಟ್ಟವಾದಲ್ಲಿ ಏಲಕ್ಕಿ, ಇನ್ನೊಂದು ಮೂಲೆಯಲ್ಲಿ ವೀಳ್ಯದೆಲೆ, ತೋಟದ ಕೆಳಗೆ ಭತ್ತದ ಗದ್ದೆ, ಕೊಟ್ಟಿಗೆಯಲ್ಲಿ ದನ. ಅಡಕೆಯ ಧಾರಣೆ ಏರಿದ ವರ್ಷಗಳಲ್ಲಿ ಗದ್ದೆಗಳೂ ತೋಟಗಳಾದವು, ಉಪಬೆಳೆಗಳು ಹಿಂದೆ ಸರಿದವು. ಇಂದು ಕೃಷಿತಜ್ಞರು ಮತ್ತೆ ಮಿಶ್ರಬೆಳೆಯನ್ನೇ ಬೋಧಿಸುತ್ತಿದ್ದಾರೆ. ಕಾಳುಮೆಣಸು, ಜಾಯಿಕಾಯಿ, ಕೋಕೋ, ಕಾಫಿ ಬೆಳೆಸಿರೆನ್ನುತ್ತಾರೆ. ಇರುವ ಹಣವನ್ನೆಲ್ಲ ಒಂದೇ ನಿವೇಶನಕ್ಕೋ, ಒಂದೇ ಕಂಪನಿಯ ಷೇರಿಗೋ, ಒಡವೆಗೋ ಸುರಿಯುವ ಪಟ್ಟಣದ ಯಜಮಾನರು ಈ ಬೋಧೆಯನ್ನು ತಮಗೂ ಹೇಳಿದ್ದೆಂದು ತಿಳಿಯಬಹುದು.

ಮನೆಯ ಲೆಕ್ಕದ ಪುಸ್ತಕ

ತೋಟದ ಪಾಠವನ್ನು ಮನೆಗೆ ತರುವಾಗ ಕೆಲವು ವ್ಯವಹಾರದ ವಿವರಗಳನ್ನು ತಿಳಿದಿರಬೇಕು. ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ರಕ್ಷಣೆಯಿರಲೆಂದು, 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಕುಸಿದ ಮೇಲೆ, 1962ರಿಂದ ದೇಶದಲ್ಲಿ ಠೇವಣಿ ವಿಮೆ ಜಾರಿಗೆ ಬಂದಿತು. 2020ರ ಫೆಬ್ರವರಿಯಲ್ಲಿ ಅದರ ಮಿತಿಯನ್ನು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಯೂ ಸೇರಿ 5 ಲಕ್ಷ ರೂಪಾಯಿಗಳಿಗೆ ಏರಿಸಿದರು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ. ಆದರೆ ಬ್ಯಾಂಕಲ್ಲದ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಇದು ಅನ್ವಯಿಸದು. ಹೆಚ್ಚು ಬಡ್ಡಿಯ ಆಸೆಯಿಂದ ಇಡೀ ಜೀವನದ ಉಳಿತಾಯವನ್ನು ಒಂದೇ ಸಂಘದಲ್ಲಿ ಇಡುವವರು ಈ ವ್ಯತ್ಯಾಸವನ್ನು ಕೇಳಿ ತಿಳಿಯುವುದು ಅಗತ್ಯ. ಬಡ್ಡಿ ಎಲ್ಲಕ್ಕಿಂತ ಹೆಚ್ಚೆಂದರೆ ಅಪಾಯವೂ ಎಲ್ಲೋ ಹೆಚ್ಚಾಗಿಯೇ ಇರುತ್ತದೆ.

ಇನ್ನು ಹಿಸ್ಸೆಯ ವಿಚಾರ. ನಾಲ್ಕೆಕರೆಯ ತೋಟ ನಾಲ್ವರಲ್ಲಿ ಹಂಚಿ, ಅವರ ಮಕ್ಕಳಲ್ಲಿ ಮತ್ತೆ ಹಂಚಿ, ಕೊನೆಗೆ ಬಸಿಗಾಲುವೆಯ ನೀರಿಗೂ ದಾರಿಗೂ ಜಗಳವಾಗಿ, ತೋಟದ ಆದಾಯ ನ್ಯಾಯಾಲಯದ ಮೆಟ್ಟಿಲಿಗೆ ಸುರಿದ ಕಥೆಗಳು ಮಲೆನಾಡಿನಲ್ಲಿ ಹೇರಳ. ಕರ್ನಾಟಕದಲ್ಲಿ 1994ರಿಂದಲೂ, ಇಡೀ ದೇಶದಲ್ಲಿ 2005ರಿಂದಲೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ದೊರೆತಿದೆ. ಅದನ್ನು ಮರೆಮಾಚಿ ಮಾಡಿದ ಪಾಲುಪಟ್ಟಿ ಮುಂದೆ ವ್ಯಾಜ್ಯಕ್ಕೆ ಬೀಜವಾಗುತ್ತದೆ. ಯಜಮಾನನು ಬದುಕಿರುವಾಗಲೇ, ಎಲ್ಲರನ್ನೂ ಕೂರಿಸಿಕೊಂಡು, ಸ್ವಯಾರ್ಜಿತ ಯಾವುದು, ಪಿತ್ರಾರ್ಜಿತ ಯಾವುದು, ಸಾಲವೆಷ್ಟು, ಠೇವಣಿ ಎಲ್ಲಿ, ಕಾಗದಗಳು ಯಾವ ಪೆಟ್ಟಿಗೆಯಲ್ಲಿ ಎಂದು ಹೇಳಿ, ಬರೆಸಬೇಕಾದುದನ್ನು ಬರೆಸಿಟ್ಟರೆ, ಆತ ಮಕ್ಕಳಿಗೆ ಆಸ್ತಿಯ ಜೊತೆಗೆ ಪರಸ್ಪರ ಪ್ರೀತಿಯನ್ನೂ ಬಿಟ್ಟು ಹೋದಂತಾಗುತ್ತದೆ. ಮನೆಯ ಹೆಂಗಸರಿಗೆ ಲೆಕ್ಕ ತಿಳಿಯದಿರಲಿ ಎಂಬ ಹಳೆಯ ಬಿಗುಮಾನ ಎಷ್ಟು ವಿಧವೆಯರನ್ನು ಪರರ ಕೈಗೆ ಒಪ್ಪಿಸಿದೆಯೆಂಬುದನ್ನು ಬಲ್ಲವರೇ ಬಲ್ಲರು.

ಮತ್ತೆ ನಗರದ ಕೋಟೆಯನ್ನು ನೆನೆಯೋಣ. ಅಲ್ಲಿಯ ಭಂಡಾರ ಎಷ್ಟೇ ದೊಡ್ಡದಾಗಿದ್ದರೂ ತಾನಾಗಿ ಒಂದು ಹೊನ್ನನ್ನೂ ಹುಟ್ಟಿಸಲಾರದಾಗಿತ್ತು. ಕಾಯುವುದಕ್ಕೆ ಗೋಡೆಯೊಂದೇ ಇದ್ದಿತು, ಗೋಡೆಯೊಳಗಿನ ಒಬ್ಬನು ದಾರಿ ತೋರಿಸಿದಾಗ ಅದೂ ಇಲ್ಲವಾಯಿತು. ಕಣಿವೆಯ ತೋಟವನ್ನು ಕಾಯ್ದದ್ದು ಪ್ರತಿವರ್ಷದ ಸಣ್ಣ ಸಣ್ಣ ಕೆಲಸ.

ಮಲೆನಾಡಿನ ಮನೆಗಳಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಯಜಮಾನನು ತೋಟದ ಸಾಲುಗಳಲ್ಲಿ ಒಮ್ಮೆ ಸುತ್ತಿ ಬರುತ್ತಾನೆ. ಉರುಳಿದ ಮರಗಳೆಷ್ಟು, ಒಣಗಿದವೆಷ್ಟು ಎಂದು ಎಣಿಸುತ್ತಾನೆ. ಅಷ್ಟು ಸಸಿಗಳನ್ನು ಮಡಿಯಿಂದ ಕಿತ್ತು ತರಿಸುತ್ತಾನೆ. ಎಲೆಚುಕ್ಕಿಯ ಈ ಕಾಲದಲ್ಲಿ ಹಲವರು ಆ ಎಣಿಕೆಯನ್ನೇ ನಿಲ್ಲಿಸಿದ್ದಾರೆ, ನೆಟ್ಟು ಏನು ಪ್ರಯೋಜನವೆಂದು. ಇನ್ನು ಕೆಲವರು ಅಡಕೆಯ ಸಸಿಯ ಜೊತೆಗೆ ಮೆಣಸಿನ ಬಳ್ಳಿಯನ್ನೂ ಜಾಯಿಕಾಯಿಯ ಗಿಡವನ್ನೂ ತಂದು, ಗುಣಿ ತೋಡುತ್ತಿದ್ದಾರೆ. ಮುಂದಿನ ಮೂವತ್ತು ವರ್ಷಗಳಲ್ಲಿ ಈ ಸೀಮೆಯ ಸಂಪತ್ತು ಯಾರ ಮನೆಯಲ್ಲಿ ಉಳಿಯುವುದೆಂಬುದು ಆ ಗುಣಿಗಳಲ್ಲಿ ಈಗಲೇ ನಿರ್ಧಾರವಾಗುತ್ತಿದೆ.

ಪಟ್ಟಣದ ಮನೆಗೂ ಅಂಥದೊಂದು ದಿನ ಇರಲಿ. ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಕುಳಿತು, ಈ ವರ್ಷ ಉರುಳಿದ್ದೆಷ್ಟು, ನೆಟ್ಟದ್ದೆಷ್ಟು ಎಂದು ಲೆಕ್ಕ ಹಾಕಲಿ. ಒಂದು ಹಾಳೆ ಕಾಗದ, ಒಂದು ಗಂಟೆಯ ಹೊತ್ತು ಸಾಕು.